ಮಾವನ ಲೋಕ ಬಲಗಡೆಯಿಂದ ಶುರು

ನಮ್ಮ ಸೋದರಮಾವನ ಪಾಲಿಗೂ ಸೂರ್ಯ ಮೂಡಣದಲ್ಲೇ ಹುಟ್ಟುತ್ತಿದ್ದ. ಅಷ್ಟರಮಟ್ಟಿಗೆ ನಾವು ಪುಣ್ಯವಂತರು! ಉಳಿದದ್ದೆಲ್ಲ ಬಲಗಡೆಯಿಂದ ಶುರು.

ತಪ್ಪು ಅವನದಲ್ಲ. ಸವಣೂರಿನಲ್ಲಿ ನವಾಬರ ಕಾಲ; ದಫ್ತರದ ನೌಕರಿ ಸಿಗಲೆಂದು ಅಜ್ಜ ಅವನನ್ನು ಉರ್ದು ಶಾಲೆಗೆ ಹಾಕಿದ್ದ. ಆ ಬರಹ ಬಲದಿಂದ ಎಡಕ್ಕೆ ಓಡುತ್ತದೆ. ಮುಂದೆ ನವಾಬಗಿರಿ ಹೋಯಿತು, ಕನ್ನಡದ ರಾಜ್ಯ ಬಂತು, ಮಾವ ಕನ್ನಡವನ್ನೂ ಕಲಿತ. ಕಣ್ಣು ಮಾತ್ರ ಮೊದಲು ಬಲತುದಿಗೇ ಹೋಗಿ ನಿಲ್ಲುತ್ತಿತ್ತು. ಅಪ್ಪ ಅವ್ವ ಇಲ್ಲದೆ ಅವನ ಮನೆಯಲ್ಲಿ ಬೆಳೆದ ನನಗೆ ಆ ಕಣ್ಣನ್ನು ಸಂಭಾಳಿಸಿಯೇ ಸಾಕುಸಾಕಾಗಿತ್ತು.

ಒಮ್ಮೆ ಬೀಗರು ಬಂದರು. ಮಾವನಿಗೆ ತಾನೇ ಚಹಾ ಮಾಡುವ ಹುರುಪು. "ಮೊದಲಿನ ಡಬ್ಬ್ಯಾಗ ಸಕ್ಕರಿ ಐತ್ರಿ" ಎಂದು ಅತ್ತೆ ಹಿತ್ತಲಿನಿಂದ ಕೂಗಿದಳು. ಮಾವ ಬಲತುದಿಯ ಡಬ್ಬಿ ತೆರೆದು ಚಹಾಕ್ಕೆ ಉಪ್ಪು ಸುರಿದ! ಕೇಳಿದರೆ, "ಡಬ್ಬಿ ಉಲ್ಟಾ ಇಟ್ಟಾವ್ರು ನೀವು. ನನಗ್ಯಾಕ ಬೈತೀರಿ?" ಅಂದಿನಿಂದ ದಿನಾ ಡಬ್ಬಿಗಳನ್ನು ಅವನ ಕಣ್ಣಿಗೆ ತಕ್ಕಂತೆ ಜೋಡಿಸುವ ಕೆಲಸ ನನಗೆ ಬಿತ್ತು. ಅತ್ತೆ ಮತ್ತೆ ತನ್ನ ಕಣ್ಣಿಗೆ ತಕ್ಕಂತೆ ಇಡುತ್ತಿದ್ದಳು.

ಹಿರೇಕೆರೂರಿನಲ್ಲಿ ಊಟಕ್ಕೆ ಕರೆದ ಗೆಳೆಯನ ಮನೆ ಸಾಲಿನಲ್ಲಿ ಮೂರನೆಯದಂತೆ. ಮಾವ ಬಲತುದಿಯಿಂದ ಎಣಿಸಿ, ಯಾರದೋ ಮನೆ ಹೊಕ್ಕು, ಉಂಡೇ ಬಂದ.

"ಅಲ್ರಿ ಮಾಮಾ, ಬ್ಯಾರೆ ಮನಿ ಅಂತ ಗೊತ್ತಾಗ್ಲಿಲ್ಲೇನ್ರಿ?"

"ಗೊತ್ತಾತವ್ವಾ. ಅಷ್ಟ್ರಾಗ ಹೋಳಿಗಿ ಬಡಿಸಿಬಿಟ್ಟಿದ್ರು!"

ಇಷ್ಟಕ್ಕೆಲ್ಲ ನಗಬಹುದು. ನಾನು ಅತ್ತದ್ದೂ ಇದೆ. ಮಾವನ ಕಿರಿಮಗನ ತೊಟ್ಟಿಲ ದಿನ ಫೋಟೋ ತೆಗೆಸಿದರು. ಕ್ಯಾಮೆರಾದ ಪಕ್ಕ ನಿಂತು ಎಲ್ಲರನ್ನೂ ಸಾಲು ಹಚ್ಚಿದವನು ಮಾವ. ನನಗೆ ನಡುವೆ, ಅತ್ತೆಯ ಪಕ್ಕ ನಿಲ್ಲುವ ಆಸೆ. "ಇಲ್ಲೆ ನಿಂದ್ರವ್ವಾ" ಎಂದು ನನ್ನನ್ನು ಕೈಹಿಡಿದು ತುದಿಯ ಕಂಬಕ್ಕೆ ಒಯ್ದು ನಿಲ್ಲಿಸಿದ. ಹೊರಗಿನವಳಿಗೆ ಮತ್ತೆಲ್ಲಿ ಜಾಗ ಎಂದುಕೊಂಡೆ. ಗೋಡೆಗೆ ಹಾಕಿದ ಆ ಫೋಟೋವನ್ನು ವರ್ಷಗಟ್ಟಲೆ ಕಣ್ಣೆತ್ತಿ ನೋಡಲಿಲ್ಲ.

ಕೊನೆಗೆ ನನ್ನನ್ನು ನೋಡಲು ಅಕ್ಕಿಆಲೂರಿನವರು ಬಂದರು. ಮಾವ ಫೋಟೋ ಇಳಿಸಿ, ಧೋತರದಿಂದ ಒರೆಸಿ, ಮನೆಯವರ ಪರಿಚಯ ಹೇಳತೊಡಗಿದ. ನಾನು ಚಹಾ ಹಿಡಿದು ಬಾಗಿಲಲ್ಲಿದ್ದೆ. ಅವನ ಬೆರಳು ಸೀದಾ ಬಲತುದಿಗೆ, ಕಂಬದ ಹತ್ತಿರ ಹೋಯಿತು.

"ಮೊದಲ್ನೇದಾಕಿ ಇಕಿ, ನಮ್ಮ ಹಿರೇ ಮಗಳ್ರಿ. ಉಳಿದಾವ್ರೆಲ್ಲಾ ಇಕಿ ಆದಮ್ಯಾಲೆ."

ಬಂದವರೆದುರು ಅಳಬಾರದೆಂದು ಚಹಾ ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದೆ. ಕಣ್ಣೊರೆಸಿಕೊಂಡು, ಡಬ್ಬಿಗಳನ್ನೆಲ್ಲ ಬಲಗಡೆಯಿಂದ ಜೋಡಿಸಿಟ್ಟೆ.