ಹೆಸರು ಹಿಡಿದ ಪಾನಾ

ತಮ್ಮ ಹೆಸರನ್ನು ಅಚ್ಚಿನಲ್ಲಿ ಕಂಡು ಬೇಸರಪಟ್ಟವರನ್ನು ನಾನಿನ್ನೂ ಕಂಡಿಲ್ಲ. ಪತ್ರಿಕೆಯ ವರದಿಗಾರನಾದ ನನಗಂತೂ ಈ ಚಟ ತುಸು ಹೆಚ್ಚು. ಸುದ್ದಿ ಒಳಪುಟದ ಮೂಲೆಗೆ ಹೋದರೂ ಚಿಂತೆಯಿಲ್ಲ, ಮೇಲೆ ‘ಈರಪ್ಪ ಹೂಲಿ, ಬೈಲಹೊಂಗಲ’ ಎಂದಿದ್ದರೆ ಆ ದಿನದ ಚಹಾಕ್ಕೆ ಸಕ್ಕರೆ ಬೇಡ. ಹಾಗೆ ನೋಡಿದರೆ ಇದು ನಮ್ಮ ಕಡೆ ಮನೆಮನೆಯ ರೋಗ. ಮದುವೆಗೆ ಕೊಡುವ ಭಾಂಡೆಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸದಿದ್ದರೆ ಅದು ಕೊಟ್ಟಂತೆಯೇ ಅಲ್ಲ. ನಮ್ಮ ಮನೆಯಲ್ಲಿ ನೀರು ಕುಡಿಯಲು ಚರಿಗೆ ಎತ್ತಿದರೆ ಕಂಠದ ಸುತ್ತ ಸೋದರಮಾವ ಎದುರಾಗುತ್ತಾನೆ. ಊಟ ಮುಗಿಯುತ್ತ ಬಂದಂತೆ ತಾಟಿನ ತಳದಲ್ಲಿ, ಸಾರಿನೊಳಗಿಂದ, ಹೆಂಡತಿಯ ಚಿಕ್ಕಪ್ಪ ಮೇಲೇಳುತ್ತಾನೆ. ಈ ರೋಗವನ್ನು ನಾನು ಮಗಳ ಪಾನಾಕ್ಕೂ ಅಂಟಿಸಿದೆ.

ಪಾನಾ ಎಂದರೆ ಬೋಲ್ಟು ಬಿಚ್ಚುವ ಸ್ಪ್ಯಾನರು. ಮಗಳು ನೇತ್ರಾ ಮೋಟಾರು ಮೆಕ್ಯಾನಿಕ್ ತರಬೇತಿಗೆ ಸೇರಿದ್ದಳು. ಕಿತ್ತೂರಿನ ಹೆದ್ದಾರಿ ಪಕ್ಕದ ಗ್ಯಾರೇಜಿನ ಮಿಸ್ತ್ರಿ, “ನಿನ್ನ ಸ್ವಂತ ಪಾನಾ ತಗೊಂಡ ಬಾರವಾ, ಕೈ ನೋಡ್ತೇನಿ. ಚಲೋ ಇದ್ರ ಇಂಜಿನ್ ಕೆಲಸ ನಿನಗ” ಎಂದಿದ್ದ. ಹುಡುಗಿಯ ಕೈಗೆ ಇಂಜಿನ್ ಕೊಡುತ್ತೇನೆಂದವನು ಈ ನಾಲ್ಕು ತಾಲೂಕಿನಲ್ಲಿ ಅವನೊಬ್ಬನೇ.

ಪಾನಾ ಆರಿಸಲು ನಾನೂ ಬಜಾರಿಗೆ ಹೋದೆ. ಎಲ್ಲ ಕಡೆಯವರನ್ನು ಕೇಳದೆ ಏನನ್ನೂ ಬರೆಯಬಾರದೆಂಬುದು ನನ್ನ ವೃತ್ತಿಯ ನೇಮ. ಅಂಗಡಿಯವನನ್ನು ಕೇಳಿದೆ, ಪಕ್ಕದ ಅಂಗಡಿಯವನನ್ನು ಕೇಳಿದೆ, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಸವದತ್ತಿಯ ಷಡ್ಡಕನಿಗೆ ಫೋನ್ ಹಚ್ಚಿದೆ. ಪಾನಾ ಹಿಡಿಯಬೇಕಾದವಳು ಪಕ್ಕದಲ್ಲೇ ನಿಂತಿದ್ದಳು, ಅವಳೊಬ್ಬಳನ್ನು ಕೇಳಲಿಲ್ಲ. ಕೇಳದೆಯೇ ಅವಳು ಹೇಳಿದಳು.

“ಅಪ್ಪಾ, ಆ ಪೆಟಗಿ ಬ್ಯಾಡ. ಈ ಬಿಡೀ ಪಾನಾ ನಾಕ ಸಾಕು. ಉಳದದ್ದ ಮುಂದ ಒಂದೊಂದ ನಾನ ಕೂಡಸ್ಕೋತೇನಿ.”

ಬಿಡಿ ಪಾನಾಗಳು ಬೂದಿ ಬಡಿದಂತಿದ್ದವು. ಪೆಟ್ಟಿಗೆ ಕೆಂಪಗಿತ್ತು, ಮುಚ್ಚಳ ತೆರೆದರೆ ಸಾಲಾಗಿ ಮಲಗಿದ ಪಾನಾಗಳಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಅಲ್ಲಿಗೆ ನನ್ನ ಮನಸ್ಸು ಅರ್ಧ ತೀರ್ಮಾನ ಮಾಡಿತ್ತು.

“ಗ್ಯಾರೇಜಿನ್ಯಾಗ ಪಾನಾಕ್ಕ ಕಾಲ ಬರ್ತಾವು,” ಎಂದೆ. “ಹೆಸರ ಹಾಕ್ಸಾಕ ಬೇಕು. ಯಾವದರ ಮ್ಯಾಲೆ ಚಂದ ಹಿಡಿತೈತಿ, ಅದನ್ನ ತಗೊಳ್ಳೂಣು.”

ಎರಡರದೂ ಒಂದೊಂದು ನಮೂನೆ ಹಿಡಿದು ಭಾಂಡೆ ಅಂಗಡಿಗೆ ನಡೆದೆವು. ಹೆಸರು ಕೊರೆಯುವವನು ಚರಿಗೆ ಬದಿಗಿಟ್ಟು, “ಏನಂತ ಹಾಕ್ಲಿರಿ?” ಎಂದ.

“ಈರಪ್ಪ ಹೂಲಿ, ವರದಿಗಾರರು, ಬೈಲಹೊಂಗಲ.”

“ಅಷ್ಟ ಹಿಡಿಯೂದಿಲ್ರಿ. ಹಿಟ್ಟ ನಾದೂ ಪರಾತ ತಂದಿದ್ರ ಪೂರಾ ಹಾಕ್ತಿದ್ದೆ.”

“ಅಪ್ಪಾ, ಪಾನಾ ನನ್ನವಲಾ?” ಎಂದಳು ನೇತ್ರಾ.

“ಅಡ್ಡಹೆಸರ ಇಬ್ಬರದೂ ಒಂದ ಐತೆಲ್ಲವಾ,” ಎಂದು ಸಮಾಧಾನ ಹೇಳಿ ‘ಈ. ಹೂಲಿ’ಗೆ ಒಪ್ಪಿದೆ.

ಬಿಡಿ ಪಾನಾದ ಮೇಲೆ ಸೂಜಿ ಗುಂಯ್‌ಗುಟ್ಟಿ ಜಾರಿತು. ಎಷ್ಟು ಒತ್ತಿದರೂ ಒಂದು ಗೀರೂ ಮೂಡಲಿಲ್ಲ. ಪೆಟ್ಟಿಗೆಯ ಪಾನಾದ ಮೇಲೆ ಮಾತ್ರ ಅಕ್ಷರಗಳು ಬೆಣ್ಣೆಯಲ್ಲಿ ಬರೆದಂತೆ ದುಂಡಗೆ ಕುಳಿತವು. “ನೋಡ್ದೇನು?” ಎಂದೆ. ಅವಳು ನೋಡಿದ್ದಳು. ಬೆಣ್ಣೆಯಂಥ ಕಬ್ಬಿಣದಿಂದ ಬೋಲ್ಟು ಬಿಚ್ಚಲಾಗದೆಂದು ಅವಳಿಗೆ ಆಗಲೇ ತಿಳಿದಿರಬೇಕು. ಅಂಗಡಿಯಲ್ಲಿ ನಾಲ್ಕು ಜನರೆದುರು ಅಪ್ಪನ ಮಾತು ತೆಗೆದುಹಾಕಬಾರದೆಂದು ಬಿಡಿ ಪಾನಾವನ್ನು ಮರಳಿಸಲು ಕೈಗೆತ್ತಿಕೊಂಡಳು.

ಕಿತ್ತೂರಿನಲ್ಲಿ ಮೊದಲ ದಿನವೇ ಗೂಡ್ಸ್ ಟೆಂಪೋವೊಂದರ ಆಯಿಲ್ ಬೋಲ್ಟು. ಪಾನಾ ಬಾಯಿ ಕಿಸಿಯಿತು, ಬೋಲ್ಟಿನ ಮೂಲೆಗಳು ಸವೆದು ಗೋಲಿಯಾದವು. ಮಿಸ್ತ್ರಿ ಪಾನಾವನ್ನು ಬೆಳಕಿಗೆ ಹಿಡಿದು ಓದಿದನಂತೆ. “ಈ. ಹೂಲಿ ಅಂದ್ರ ಯಾರವಾ?”

“ನಮ್ಮಪ್ಪರಿ.”

“ಕೆಲಸ ಕಲಿಯಾಕ ಬಂದಾಕಿ ನೀನೋ, ನಿಮ್ಮಪ್ಪನೋ?”

ಇಂಜಿನ್ ಕೆಲಸ ಮತ್ತೊಬ್ಬ ವಿದ್ಯಾರ್ಥಿಗೆ ಹೋಯಿತು. ನೇತ್ರಾಳಿಗೆ ಡೀಸೆಲ್ಲಿನಲ್ಲಿ ಬಿಡಿಭಾಗ ತೊಳೆಯುವ ಕೆಲಸ ಸಿಕ್ಕಿತು. ತಡೆಯಲಾರದೆ ನಾನೇ ಗ್ಯಾರೇಜಿಗೆ ಹೋಗಿ, “ತಪ್ಪು ನಂದ್ರಿ,” ಎಂದೆ. ಮಿಸ್ತ್ರಿ ವಿನಯದಿಂದಲೇ ಹೇಳಿದ: “ಗೊತ್ತೈತ್ರಿ ಸಾಹೇಬ್ರ. ಹೆಸರ ಐತೆಲ್ರಿ ಅದರ ಮ್ಯಾಲೆ.” ಪತ್ರಿಕೆಯಲ್ಲಾದರೆ ಮರುದಿನ ತಿದ್ದುಪಡಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ದುಂಡಗಾದ ಬೋಲ್ಟಿಗೆ ತಿದ್ದುಪಡಿ ಇಲ್ಲ. ಕೈ ತೊಳೆಯುತ್ತಿದ್ದವಳು ನನ್ನ ಮಗಳು, ಅದೂ ಡೀಸೆಲ್ಲಿನಲ್ಲಿ.

ಮಳೆಗಾಲ ಕಳೆದ ಮೇಲೆ ಅವಳು ತಾನೇ ದುಡಿದು ಒಂದು ಬಿಡಿ ಪಾನಾ ತಂದಳು. ಬೂದಿ ಬಣ್ಣದ್ದು. ನನಗೆ ಹೇಳಿರಲಿಲ್ಲ, ಕಟ್ಟೆಯ ಮೇಲೆ ಕೂತು ಎಣ್ಣೆ ಬಟ್ಟೆಯಿಂದ ಒರೆಸುವಾಗ ಕಂಡಿತು. ಏನಾದರೂ ಅನ್ನಬೇಕಲ್ಲ ಎಂದು, “ಹೆಸರ ಹಾಕಿಸ್ಕೊಂಡ ಬರ್ಲೇನವಾ? ನಿಂದ ಹೆಸರ,” ಎಂದೆ.

“ಇದರ ಮ್ಯಾಲೆ ಹಿಡಿಯೂದಿಲ್ಲಪ್ಪಾ. ನೀನ ನೋಡೀಯಲಾ,” ಎಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಮೊನ್ನೆ ಸುರೇಬಾನಕ್ಕೆ ಸುದ್ದಿಗೆಂದು ಹೊರಟವನ ಬೈಕು ರಾಮದುರ್ಗದಲ್ಲಿ ಕೈಕೊಟ್ಟಿತು. ಅಲ್ಲಿ ಹೊಸದಾಗಿ ಗ್ಯಾರೇಜು ಹಾಕಿದ ಹುಡುಗ ಕಿತ್ತೂರಿನಲ್ಲಿ ಕೆಲಸ ಕಲಿತವನಂತೆ. ಬಗ್ಗಿ ನೋಡಿ ತಲೆಯಾಡಿಸಿದ.

“ಈ ಬೋಲ್ಟ್ ಹೂಲಿ ಆಗೇತ್ರಿ.”

“ಏನಾಗೇತಿ?”

“ಹೂಲಿ, ಹೂಲಿ. ಅಂದ್ರ ಮೂಲಿ ಸವದ ದುಂಡಗ ಆಗೇತ್ರಿ. ನಮ್ಮ ಲೈನಿನ್ಯಾಗ ಹಂಗ ಅಂತಾರ್ರಿ.”

ಯಾಕೆ ಹಾಗೆನ್ನುತ್ತಾರೆ ಎಂದು ಕೇಳುವುದು ವರದಿಗಾರನ ಧರ್ಮ. ಕೇಳಲಿಲ್ಲ. ಬೋಲ್ಟು ಬದಲಾಯಿಸಿ ಅವನು ಬಿಲ್ಲು ತೆಗೆದ. “ಸರ, ನಿಮ್ಮ ಹೆಸರ ಪೂರಾ ಹೇಳ್ರಿ.”

“ಈರಪ್ಪ,” ಎಂದೆ. “ಅಷ್ಟ ಸಾಕು.”