ಹಿರಿಯ ಡಿಸ್ಕಿನ ಚಾಳಿ

‘ಹಿರಿಯ ಡಿಸ್ಕಿನ ಚಾಳಿ ಸರ್ವರ್ ಮಂದಿಗೆಲ್ಲ’ ಎಂದು ಗಾದೆ. ನಗಬೇಡಿ, 2001ರಲ್ಲಿ ಜಯನಗರದಲ್ಲಿ ನಡೆದದ್ದೇ ಇದು. ಒಗ್ಗರಣೆ ಮಾತ್ರ ಹೊಸದು.

ಹನುಮಯ್ಯನವರದು ಮದುವೆ ವಿಡಿಯೊ ಜೋಡಿಸಿಕೊಡುವ ಆಫೀಸು. ಹೊಸ ಸರ್ವರಿನ ಡಿಸ್ಕ್ ಕಂಟ್ರೋಲರ್ ಸೆಕೆಂಡಿಗೆ ನೂರಾ ಅರವತ್ತು ಎಂಬಿ ಓಡಿಸುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಪರದೆಯ ಮೇಲೆ ಕಾಣುತ್ತಿದ್ದದ್ದು ನಲವತ್ತು.

“ಸಂಜೆಯೊಳಗೆ ನೂರಾ ಅರವತ್ತು ತೋರಿಸು, ಕೆಲಸ ಪರ್ಮನೆಂಟು. ಇಲ್ದಿದ್ರೆ ಬೇರೆ ಕಡೆ ನೋಡ್ಕೋ. ತಿಳೀತೇನಪ್ಪಾ?” ಎಂದು ಹನುಮಯ್ಯ ಹೊರಗೆ ಹೋದರು.

ಸುರಪುರದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿದ್ದ ಕಂಪ್ಯೂಟರ್ ಹುಡುಗ ಮೌನೇಶನಿಗೆ ಕಾರಣ ಗೊತ್ತಿತ್ತು. ಹೊಸ ಡಿಸ್ಕುಗಳ ಕೇಬಲ್ಲಿಗೇ ಒಂದು ಮುದಿ ಡಿಸ್ಕೂ ನೇತುಬಿದ್ದಿತ್ತು. ತಾತನನ್ನು ಲಾಲ್‌ಬಾಗಿಗೆ ಕರೆದೊಯ್ದ ಮೊಮ್ಮಕ್ಕಳಂತೆ ಉಳಿದವೆಲ್ಲ ಅದರ ನಡಿಗೆಗೆ ಹೆಜ್ಜೆ ಹಾಕುತ್ತಿದ್ದವು. ತೆಗೆಯುವ ಧೈರ್ಯ ಯಾರಿಗಿದೆ? ಕೆಲಸಕ್ಕೆ ಸೇರಿದ ದಿನವೇ ಇಂಟರ್‌ಕಾಮಿನಲ್ಲಿ ಹನುಮಯ್ಯನವರ ದನಿ ಅಪ್ಪಣೆ ಮಾಡಿತ್ತು: “ಆ ಹಳೇ ಡಿಸ್ಕು ನಮ್ಮ ಆಫೀಸಿನ ಹಿರೀಕರು. ದಿನಾ ಕೈ ಮುಗಿದೇ ಕೆಲಸ ಶುರು ಮಾಡ್ಬೇಕು. ತಿಳೀತೇನಪ್ಪಾ?”

ಆರು ತಿಂಗಳಿಂದ ಕುಂಕುಮವಿಟ್ಟು ಕೈ ಮುಗಿದಿದ್ದ. ಹೊಸ ಸರ್ವರ್ ಬಂದಾಗ ಹಿರೀಕರಿಗೆ ಅದರೊಳಗೆ ತಾನೇ ಗೃಹಪ್ರವೇಶವನ್ನೂ ಮಾಡಿಸಿದ್ದ.

ಸಲಹೆಗಳಿಗೆ ಬರವಿರಲಿಲ್ಲ. “ಪೂರ್ವಕ್ಕೆ ತಿರುಗ್ಸಿ” ಎಂದಳು ಲೆಕ್ಕದ ವನಿತಾ. ತಿರುಗಿಸಿದಾಗ ಪ್ಲಗ್ ಕಿತ್ತುಬಂದು, ಫ್ಯೂಸ್ ಹಾರಿ ಆಫೀಸೇ ಕತ್ತಲಾಯಿತು. “ಸೆಕೆ ಗುರು, ಪಾಪ ಅದಕ್ಕೆ!” ಎಂದು ಕ್ಯಾಮೆರಾ ಸೀನು ಟೇಬಲ್ ಫ್ಯಾನ್ ತಂದಿಟ್ಟ. ಹಿರೀಕರ ಕುಂಕುಮವೆಲ್ಲ ಹಾರಿ ವನಿತಾಳ ಬಿಳಿ ಸೀರೆಗೆ ಓಕುಳಿಯಾಯಿತು.

“ಮಗಾ, ಕಾಯಿ ಒಡಿ” ಎಂದ ಎಡಿಟಿಂಗ್ ಮೇಜಿನ ಭೀಮೇಶ, ಯಾಕೋ ತುಟಿ ಕಚ್ಚಿಕೊಂಡು.

ನಾಲ್ಕೂವರೆಗೆ ಮೌನೇಶ ಸರ್ವರ್ ಆರಿಸಿ, ಕಣ್ಣು ಮುಚ್ಚಿ ಕ್ಷಮೆ ಕೇಳಿ, ಹಿರೀಕರ ಕೇಬಲ್ ಕಿತ್ತ. ಮತ್ತೆ ಹಚ್ಚಿದರೆ ಪರದೆಯ ಮೇಲೆ ನೂರಾ ಅರವತ್ತು! ಕುಸ್ತಿ ಗೆದ್ದ ಪೈಲ್ವಾನನಂತೆ ಎದೆ ಉಬ್ಬಿಸಿ ನಿಂತ.

“ಶಭಾಷ್! ಏನ್ಮಾಡ್ದೆ?” ಎಂದರು ಆಗಷ್ಟೇ ಬಂದ ಹನುಮಯ್ಯ.

“ತಪ್ಪಾತ್ರೀ ಸರ. ನಿಮ್ಮ ಹಿರೀಕರನ್ನ ತಗದೀನ್ರೀ.”

“ನಮ್ಮ ಹಿರೀಕರಾ? ಅದು ನಿಮ್ಮನೆ ದೇವ್ರಲ್ವಾ? ಗುಜರಿಗೆ ಹಾಕ್ಸೋಣ ಅಂತಿದ್ದೆ. ದಿನಾ ಕೈ ಮುಗೀತೀಯಲ್ಲಾ ಅಂತ ಸುಮ್ನಾದೆ!”

“ಫೋನಿನ್ಯಾಗ ನೀವಽ ಹೇಳಿದ್ರಲ್ರೀ!”

“ತಿಳೀತೇನಪ್ಪಾ?” ಎಂದಿತು ಹನುಮಯ್ಯನವರ ದನಿ. ಹನುಮಯ್ಯನವರ ಬಾಯಿ ಮಾತ್ರ ಮುಚ್ಚಿತ್ತು. ಕಂಬದ ಹಿಂದೆ ಆ ದನಿ ತೆಗೆದ ಭೀಮೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತು. ಮೌನೇಶನ ಎದೆಯುಬ್ಬು ತೂತಾದ ಬಲೂನಿನಂತೆ ಇಳಿಯಿತು.

ಹನುಮಯ್ಯ ಕೆಮ್ಮಿದರು. “ನಗ್ಬೇಡ್ರೋ. ಇವನನ್ನ ನೋಡಿ ನಾನೂ ಬಾಗಿಲಿಂದಲೇ ಕೈ ಮುಗೀತಾ ಬಂದೆ. ಆಮೇಲೇ ಆರ್ಡರ್ ಮೇಲೆ ಆರ್ಡರು ಬಂದಿದ್ದು. ಅದನ್ನ ವಾಪಸ್ ಹಾಕು ಮೌನೇಶ. ಭೀಮೇಶ, ನಾಳೆಯಿಂದ ಕುಂಕುಮ ನಿಂದು.”

“ಹಾಕಿದ್ರ ಮತ್ತ ನಲವತ್ತಽ ಆಕೈತ್ರೀ!”

“ಹಿರೀಕರೂ ಇರ್ಲಿ, ನೂರಾ ಅರವತ್ತೂ ಬರ್ಲಿ. ಪರ್ಮನೆಂಟ್ ಮಾತು ಆಮೇಲೆ. ತಿಳೀತೇನಪ್ಪಾ?”

ಈ ಸಲ ದನಿ ಅಸಲಿಯೇ. ಆದರೂ ಮೌನೇಶ ಒಮ್ಮೆ ಕಂಬದ ಹಿಂದೆ ಇಣುಕಿ ನೋಡಿ, ಎಲ್ಲರಿಗಿಂತ ಜೋರಾಗಿ ನಕ್ಕ. ಹಿರೀಕರು ವಾಪಸ್ ಬಂದು ಪರದೆ ನಲವತ್ತಕ್ಕಿಳಿದರೂ ಆ ನಗು ಮಾತ್ರ ಪೂರ್ತಿ ನೂರಾ ಅರವತ್ತರಲ್ಲೇ ಓಡಿತು.