ಎರಡು ಬೆಡ್‌ರೂಮಿನ ಟೆಂಟು

“ಟೆಂಟನ್ನು ಗುಡ್ಡೆಗೆ ಹೊರುವ ಮೊದಲು ಮನೆಯಲ್ಲಿ ಒಮ್ಮೆ ಹಾಕಿ ನೋಡ್ಬೇಕು ಭಾವ. ಅದು ಮೊದಲ ಪಾಠ.”

ದುಬೈಯಿಂದ ಫೋನಿನಲ್ಲಿ ಹೀಗೆ ಹೇಳಿದವನು ಮೋಹಿನಿಯ ತಮ್ಮ ಧನರಾಜ್. ಮಾತು ಸರಿಯಾದದ್ದೇ. ಮನುಷ್ಯ ಹಾಳಾಗುವುದು ಸರಿಯಾದ ಮಾತಿನಿಂದಲೇ; ತಪ್ಪು ಮಾತನ್ನು ಯಾರು ಕೇಳುತ್ತಾರೆ?

ಮೋಹಿನಿಯ ಗಂಡ ಗುಣಪಾಲ ಕುಂಬಳೆಯಿಂದ ಒಳನಾಡಿಗೆ ಹೋಗುವ ಬಸ್ಸಿನ ಕಂಡಕ್ಟರು. ಬಸ್ಸಿನಲ್ಲಿ ಇರುವೆಗೆ ಕಾಲೂರಲು ಜಾಗವಿಲ್ಲದಾಗಲೂ “ಒಳಗೆ ಹೋಗಿ, ಒಳಗೆ ಜಾಗ ಉಂಟು” ಎಂದು ಇಪ್ಪತ್ತೆರಡು ವರ್ಷ ಕೂಗಿದವನು. ಕಳೆದ ವರ್ಷ ರಜೆಯಲ್ಲಿ ಬಂದಿದ್ದ ಧನರಾಜ್ ಮನೆಮಂದಿಯನ್ನೆಲ್ಲ ಗುಡ್ಡ ಹತ್ತಿಸಿದಾಗ ಗುಣಪಾಲ ಹವಾಯಿ ಚಪ್ಪಲಿಯಲ್ಲಿ ಹೋಗಿದ್ದ. ಅರ್ಧ ದಾರಿಯಲ್ಲಿ ಬಾರು ಕಿತ್ತು, ಅದಕ್ಕೆ ಹೆಂಡತಿಯ ತಲೆಪಿನ್ನು ಚುಚ್ಚಿಕೊಂಡು ಕುಂಟುತ್ತ ಇಳಿದಿದ್ದ. ಆ ಕತೆಯನ್ನು ಧನರಾಜ್ ಮೂರು ಮದುವೆಗಳಲ್ಲೂ ಒಂದು ಉತ್ತರಕ್ರಿಯೆಯ ಊಟದಲ್ಲೂ ಅಭಿನಯಿಸಿ ತೋರಿಸಿದ್ದ. ಈ ಸಲ ಅವನು ಬರುವ ಮೊದಲೇ ಅವನ ಟೆಂಟು ಕಾರ್ಗೋದಲ್ಲಿ ಬಂದಿತ್ತು. ಭಾನುವಾರ ಗುಡ್ಡದ ಮೇಲೆ ಎಲ್ಲರೆದುರು ಅದನ್ನು ನೆಡಬೇಕಾದವನು ಗುಣಪಾಲ. ಇನ್ನೊಮ್ಮೆ ನಗೆಗೀಡಾಗಲು ಅವನು ತಯಾರಿರಲಿಲ್ಲ.

ಗುರುವಾರ ಅವನ ವಾರದ ರಜೆ. ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿದ. ಒಳಗಿನಿಂದ ಹಸಿರು ಬಟ್ಟೆ ಬಂತು, ಬಂತು, ಬರುತ್ತಲೇ ಇತ್ತು. ಎಂಟು ಜನ ಮಲಗುವ ಟೆಂಟು! ಅಂಗಳಕ್ಕೆ ಹರಡಿದರೆ ಒಂದು ತುದಿ ತುಳಸಿಕಟ್ಟೆಯ ಮೇಲೆ, ಇನ್ನೊಂದು ಬಾವಿಯೊಳಗೆ.

“ಎಂತ ಮಾರಾಯ, ಪ್ಯಾರಾಚೂಟಾ?”

ಪಕ್ಕದ ಮನೆಯ ಸುಕುಮಾರ. ಕರೆಂಟಿನ ಲೈನ್‌ಮ್ಯಾನ್ ಆಗಿದ್ದು ನಿವೃತ್ತನಾದವನು. ಹತ್ತಲು ಕಂಬವಿಲ್ಲದ ಮೇಲೆ ಊರವರ ತಲೆಯ ಮೇಲೆ ಹತ್ತುತ್ತಿದ್ದ. ಗುಣಪಾಲ ವಿಷಯ ಹೇಳಿದ್ದೇ ತಡ, ಮುಂಡು ಎತ್ತಿ ಕಟ್ಟಿದ.

“ಇಲ್ಲಿ ಹಾಕ್ತಿಯಾ? ತಗ್ಗಿನಲ್ಲಿ ಟೆಂಟು ಹಾಕ್ಲಿಕ್ಕೆ ಉಂಟಾ? ಮಳೆ ಬಂದ್ರೆ ಕೆರೆ. ಎತ್ತರ ಬೇಕು, ಸಮತಟ್ಟು ಬೇಕು, ಮೇಲೆ ಒಣಗೆಲ್ಲು ಇರಬಾರದು. ಹಿಂದೆ ಪದವು ಉಂಟಲ್ಲ, ಅಲ್ಲಿ ಹಾಕು.”

ಮನೆಯ ಹಿಂದೆ ಒಂದು ಮುದಿ ಗೇರುಮರ. ಅದರಾಚೆ ನೆಕ್ಕರೆಪದವು: ಬರೀ ಮುರಕಲ್ಲಿನ ಬಯಲು, ಅಲ್ಲಲ್ಲಿ ಒಣಗಿದ ಮುಳಿಹುಲ್ಲು.

“ಅದು ಸರ್ಕಾರದ ಪೊರಂಬೋಕು ಜಾಗ. ನಾನು ಕಾಲಿಡುವವನಲ್ಲ” ಎಂದ ಗುಣಪಾಲ.

ಇದು ಒಣಜಂಬವಲ್ಲ. ಅವನಿಗೆ ಇದ್ದದ್ದು ಅಪ್ಪ ಬಿಟ್ಟುಹೋದ ಹತ್ತು ಸೆಂಟ್ಸು ಜಾಗ, ಒಂದು ಹೆಂಚಿನ ಮನೆ, ಮತ್ತೆ ಒಂದು ಹೆಸರು. ಊರಿನಲ್ಲಿ ಬೇಲಿಗಳೆಲ್ಲ ವರ್ಷಕ್ಕೊಂದು ಗೇಣು ನಡೆಯುತ್ತವೆ. ಗುಣಪಾಲನದ್ದು ಮಾತ್ರ ನಿಂತಲ್ಲೇ ನಿಂತಿತ್ತು. ಜಾಗದ ಹಕ್ಕುಪತ್ರವಾದ ಪಟ್ಟೆ ಟ್ರಂಕಿನಲ್ಲಿ, ತೀರ್ವೆ ಕಂದಾಯದ ರಶೀದಿಗಳು ಪ್ಲಾಸ್ಟಿಕ್ ಫೈಲಿನಲ್ಲಿ. ‘ಪರರ ಒಂದು ಇಂಚು ನನ್ನಲ್ಲಿಲ್ಲ’ ಎಂಬ ಮಾತನ್ನು ಬಸ್ಸಿನಲ್ಲಿ ಅವನು ಎಷ್ಟು ಸಲ ಹೇಳಿದ್ದನೆಂದರೆ, ಖಾಯಂ ಪ್ರಯಾಣಿಕರಿಗೆ ಅದು ಬಾಯಿಪಾಠವಾಗಿತ್ತು.

“ಒಂದು ಗಂಟೆ ಇಟ್ಟು ತೆಗೆಯುವುದಲ್ವಾ? ಸರ್ಕಾರ ಎಂತ, ಮುಳಿಹುಲ್ಲಿಗೆ ಕಾವಲು ಕೂತಿದೆಯಾ?” ಎಂದು ಸುಕುಮಾರ ಟೆಂಟಿನ ಒಂದು ತುದಿ ಎಳೆದುಕೊಂಡು ಹೊರಟೇಬಿಟ್ಟ. ಇನ್ನೊಂದು ತುದಿ ಹಿಡಿದಿದ್ದ ಗುಣಪಾಲ ಹಿಂದೆ ಹೋಗದೆ ಏನು ಮಾಡಿಯಾನು?

ಮೊದಲ ಗೂಟ ಮುರಕಲ್ಲಿಗೆ ತಾಗಿ ಪ್ರಶ್ನೆಚಿಹ್ನೆಯಾಯಿತು. ಎರಡನೆಯದು ಜಿಲೇಬಿಯಾಯಿತು. ಮೂರನೆಯದು ಟಣ್ಣೆಂದು ಹಾರಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

“ಸಾಕು, ಮಡಚುವ” ಎಂದ ಗುಣಪಾಲ.

“ಮಡಚುವುದಾ? ಭಾನುವಾರ ಹಾರಿಹೋದ್ರೆ ಮುಂದಿನ ಮದುವೆಯಲ್ಲಿ ಯಾರ ಕತೆ ಹೇಳ್ತಾನೆ ನಿನ್ನ ಭಾವ?”

ಮರ್ಮಕ್ಕೆ ಹೊಡೆದ ಮಾತು. ಗುಣಪಾಲ ಹಿಡಿದ ತುದಿ ಕೆಳಗಿಟ್ಟ. ಸುಕುಮಾರ ಮನೆಗೆ ಹೋಗಿ ಡ್ರಿಲ್ಲಿಂಗ್ ಮೆಷಿನ್ನು, ನಾಲ್ಕು ಕಬ್ಬಿಣದ ಸರಳು, ಹಟ್ಟಿ ಕಟ್ಟಿ ಉಳಿದ ಅರ್ಧ ಚೀಲ ಸಿಮೆಂಟು ತಂದ. ಮೆಷಿನ್ನಿಗೆ ಕರೆಂಟು ಬೇಡವೇ? ಗುಣಪಾಲನ ಅಡುಗೆಕೋಣೆಯಿಂದ ಗೇರುಮರದ ಮೇಲಾಗಿ ವಯರು ಎಳೆದ. ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದು, ಸರಳನ್ನು ಹೊರಗಡೆಗೆ ಓರೆಯಾಗಿ ನಿಲ್ಲಿಸಿ, ಸುತ್ತ ಸಿಮೆಂಟು ಜಡಿದ.

“ಗೂಟ ಯಾವಾಗಲೂ ಓರೆ ಇರಬೇಕು. ನೆಟ್ಟಗಿದ್ರೆ ಗಾಳಿ ಕಿತ್ತುಕೊಂಡು ಹೋಗ್ತದೆ. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು. ನಮ್ಮಲ್ಲಿ ಗಾಳಿ ಶಿರಿಯದ ಕಡಲಿಂದ ಬರುವುದು, ಆದ್ದರಿಂದ ಬಾಗಿಲು ಮೂಡಕ್ಕೆ.”

“ಅಭ್ಯಾಸಕ್ಕೆ ಸಿಮೆಂಟು ಯಾಕೆ ಸುಕುಮಾರಣ್ಣ?”

“ಅಭ್ಯಾಸವನ್ನು ಅಭ್ಯಾಸದ ಹಾಗೆ ಮಾಡಿಯೇ ಈ ದೇಶ ಹೀಗಾದದ್ದು.”

ಹನ್ನೊಂದು ಗಂಟೆಗೆ ಟೆಂಟು ಎದ್ದು ನಿಂತಿತು. ನಡುವೆ ಪರದೆ ಇದ್ದುದರಿಂದ ಎರಡು ಕೋಣೆ. ಎದುರಿಗೆ ಚಾಚಿದ ಮಾಡಿನಿಂದ ಒಂದು ಜಗಲಿ. ಕಾದ ಕಲ್ಲಿನ ಮೇಲೆ ನಿಂತು ಗುಣಪಾಲನ ಅಂಗಾಲು ದೋಸೆಯಾಗಿತ್ತು. ಆದರೂ ಅವನಿಗೆ ಸಣ್ಣಗೆ ಖುಷಿಯಾಯಿತು. ಸುಕುಮಾರನಿಗೆ ಮಾತ್ರ ತೃಪ್ತಿಯಿಲ್ಲ. ಸುತ್ತ ನೀರು ಹರಿಯಲು ಪಿಕ್ಕಾಸಿನಿಂದ ಚರಂಡಿ ಕಡಿಸಿದ. ಹೊಲಿಗೆ ಸೋರುತ್ತದೆಯೇ ನೋಡಬೇಕೆಂದು ಬಾವಿಯ ಪಂಪಿನಿಂದ ಪೈಪು ಎಳೆದು ಟೆಂಟಿನ ನೆತ್ತಿಗೆ ನೀರು ಬಿಟ್ಟ.

ಇಷ್ಟನ್ನೂ ಕೆಳಗಿನ ಮನೆಯ ದೇವಕಿ ಆಡು ಕಟ್ಟುವ ನೆಪದಲ್ಲಿ ನೋಡುತ್ತಿದ್ದಳು. ಆಡು ಕಟ್ಟಿ ಮುಗಿದಿತ್ತು, ಅವಳು ಮುಗಿದಿರಲಿಲ್ಲ. ಕುಟುಂಬಶ್ರೀ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜು ಬಿಟ್ಟಳು:

“ಕೇಳಿ, ಗುಣಪಾಲಣ್ಣ ಪದವಿನಲ್ಲಿ ಮನೆ ಮಾಡಿದ್ರು. ಕರೆಂಟು ಬಂತು, ನೀರು ಬಂತು, ಸಿಮೆಂಟು ಹಾಕಿ ಆಯ್ತು. ಎರಡು ಬೆಡ್‌ರೂಮು, ಒಂದು ಸಿಟೌಟು. ಅವರಂಥವರೇ ಮಾಡ್ಬೇಕಾದ್ರೆ ಪೊರಂಬೋಕಿಗೆ ಪಟ್ಟೆ ಕೊಡ್ಲಿಕ್ಕೆ ಶುರು ಆಗಿದೆ ಅಂತಲೇ ಲೆಕ್ಕ. ಬೇಗ ಬನ್ನಿ.”

ಅರ್ಧ ಗಂಟೆಯಲ್ಲಿ ಪದವು ಸಂತೆಯಾಯಿತು. ಒಬ್ಬ ನೀಲಿ ಟಾರ್ಪಾಲು ತಂದ. ಇನ್ನೊಬ್ಬ ನಾಲ್ಕು ಕೋಲಿಗೆ ಹೆಂಡತಿಯ ಸೀರೆ ಕಟ್ಟಿ ಒಳಗೆ ಕೂತ. ಒಬ್ಬ ಕಲ್ಲಿನ ಬಿರುಕಿನಲ್ಲಿ ತೆಂಗಿನ ಸಸಿ ನೆಟ್ಟು ಅದರ ಪಕ್ಕ ಕುರ್ಚಿ ಹಾಕಿದ. ದೇವಕಿ ಆಡನ್ನು ತಂದು ಟೆಂಟಿನಿಂದ ನಾಲ್ಕು ಮಾರು ಆಚೆ ಕಟ್ಟಿದಳು.

“ಇದೆಂತದು ದೇವಕಿ?” ಗುಣಪಾಲ ಓಡಿಬಂದ.

“ನಿಮಗೆ ನೆರೆಕರೆ ಬೇಡವಾ ಗುಣಪಾಲಣ್ಣ?”

“ಇದು ಮನೆಯಲ್ಲ ಮಾರಾಯ್ತಿ, ಟೆಂಟು! ಭಾವನ ಟೆಂಟು! ಸೋರ್ತದಾ ನೋಡ್ಲಿಕ್ಕೆ ಹಾಕಿದ್ದು!”

“ಹೌದೌದು. ನಮ್ಮ ಆಡೂ ಹಾಗೇ, ನೋಡ್ಲಿಕ್ಕೆ ಕಟ್ಟಿದ್ದು.”

ಗುಣಪಾಲ ಹಗ್ಗಕ್ಕೆ ಕೈ ಹಾಕಿದ. ಲೈನ್‌ಮ್ಯಾನ್‌ನ ಗಂಟು! ಎಳೆದಷ್ಟೂ ಬಿಗಿಯಿತು. ಸರಳು ಅಲ್ಲಾಡಿಸಲು ಹೋದರೆ ಸುಕುಮಾರ ಅಡ್ಡ ಬಂದ. “ಮುಟ್ಟಬೇಡ! ಸಿಮೆಂಟು ಕಚ್ಚುವ ಹೊತ್ತು!”

ಅಷ್ಟರಲ್ಲಿ ರಸ್ತೆಯಲ್ಲಿ ಜೀಪು ನಿಂತಿತು. ಡಿಜಿಟಲ್ ಸರ್ವೆಗೆಂದು ಪಕ್ಕದ ವಾರ್ಡಿಗೆ ಬಂದಿದ್ದ ವಿಲ್ಲೇಜ್ ಆಫೀಸರು ದೀಪಶ್ರೀಗೆ ಯಾರೋ ಫೋನು ಮಾಡಿದ್ದರು. ಹಿಂದಿನಿಂದ ಸರ್ವೆಯರ್ ವಿನೀತ್, ತುದಿಯಲ್ಲಿ ಅಣಬೆಯಂಥ ಯಂತ್ರವಿದ್ದ ಕೋಲನ್ನು ಹೆಗಲಿಗಿಟ್ಟು ಬಂದ.

ದೀಪಶ್ರೀ ಟೆಂಟಿಗೆ ಒಂದು ಸುತ್ತು ಬಂದಳು. ವಯರು ನೋಡಿದಳು, ಪೈಪು ನೋಡಿದಳು, ಸಿಮೆಂಟನ್ನು ಪೆನ್ನಿನಿಂದ ಒತ್ತಿ ನೋಡಿದಳು.

“ಯಾರದ್ದಿದು?”

ಇಡೀ ಪದವಿನ ಬೆರಳು ಗುಣಪಾಲನ ಕಡೆಗೆ ತಿರುಗಿತು. ಸುಕುಮಾರನದ್ದೂ ಸೇರಿ.

ಗುಣಪಾಲ ದುಬೈಯಿಂದ ಜಿಲೇಬಿಯಾದ ಗೂಟದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ದೀಪಶ್ರೀ ಬೆವರು ಒರೆಸಿಕೊಂಡಳು. ಕೆಟ್ಟ ಹೆಂಗಸಲ್ಲ, ಬೆಳಗಿನಿಂದ ಬಿಸಿಲಿನಲ್ಲಿ ಅಲೆದು ಸುಸ್ತಾದವಳು.

“ನೋಡಿ, ನನಗೆ ನೂರೆಂಟು ಕೆಲಸ ಉಂಟು. ಸಂಜೆಯೊಳಗೆ ಸರಳು ಕತ್ತರಿಸಿ ಇದನ್ನು ಒಳಗಿಡಿ. ಉಳಿದವರೂ ಎದ್ದುಹೋಗಿ. ನಾನು ನೋಡಿಯೇ ಇಲ್ಲ. ಆಯ್ತಾ?”

ಇಲ್ಲಿ ‘ಆಯ್ತು ಮೇಡಂ’ ಎಂದು ಕೈಮುಗಿದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಸೀರೆಯೊಳಗೆ ಕೂತವನು ಅಲ್ಲಿಂದಲೇ ಗೊಣಗಿದ: “ಪರರ ಒಂದು ಇಂಚು ನನ್ನಲ್ಲಿಲ್ಲ ಅಂತ ಬಸ್ಸಿಡೀ ಹೇಳ್ತಿದ್ದ. ಈಗ ಇಂಚಲ್ಲ, ಎರಡು ಬೆಡ್‌ರೂಮು ನುಂಗಿದ.”

ಜನ ನಕ್ಕರು. ಗುಣಪಾಲನ ಕಿವಿ ಕೆಂಪಾಯಿತು. ಮೂರು ಮದುವೆ, ಒಂದು ಉತ್ತರಕ್ರಿಯೆಯ ನಗೆಯೂ ಅದರೊಳಗೆ ಸೇರಿಕೊಂಡ ಹಾಗೆ ಕೇಳಿಸಿತು. ಮನೆಯೊಳಗೆ ಓಡಿದವನು ಟ್ರಂಕು ಸಮೇತ ಬಂದು ಪಟ್ಟೆಯನ್ನು ದೀಪಶ್ರೀಯ ಮುಖದೆದುರು ಹಿಡಿದ.

“ಅಳೆಯಿರಿ!”

“ಬೇಡ, ನಂಬುತ್ತೇನೆ. ಸುಮ್ಮನೆ ಮಡಚಿ...”

“ಮಡಚುವುದಿಲ್ಲ! ನನ್ನ ಹತ್ತು ಸೆಂಟ್ಸು ಮೊದಲು ಅಳೆಯಿರಿ! ಮೂಲೆಮೂಲೆ ಅಳೆಯಿರಿ! ನಾನು ಜಾಗ ನುಂಗುವವನಾ ಅಲ್ಲವಾ ಈ ಊರಿಗೆ ಗೊತ್ತಾಗಲಿ! ಅಳೆಯದೆ ಜೀಪು ಹೊರಡ್ಲಿಕ್ಕೆ ಬಿಡುವುದಿಲ್ಲ!” ಎಂದು ಕಂಡಕ್ಟರಿನ ಗಂಟಲಿನಲ್ಲಿ ಕಿರುಚಿದ.

ಅಡುಗೆಮನೆಯ ಬಾಗಿಲಿನಿಂದ ಮೋಹಿನಿ, “ಬೇಡ ಮಾರಾಯ್ರೆ, ಗಂಜಿ ತಣಿಯುತ್ತದೆ, ಬನ್ನಿ” ಎಂದು ಕರೆದಳು. ಯಾರು ಕೇಳುತ್ತಾರೆ?

ದೀಪಶ್ರೀ ನಿಟ್ಟುಸಿರಿಟ್ಟು ವಿನೀತನಿಗೆ ಸನ್ನೆ ಮಾಡಿದಳು. ಅವನು ಸರ್ವೆ ನಂಬರು ಒತ್ತಿ ಕೋಲು ಹಿಡಿದು ನಡೆದ. ಯಂತ್ರ ಟೀಂ ಎಂದಲ್ಲಿ ಬಣ್ಣದ ಗುರುತು ಹಾಕಿದ. ಇನ್ನಷ್ಟು ನಡೆದ, ಟೀಂ. ಊರು ಉಸಿರು ಬಿಗಿಹಿಡಿದು ಹಿಂದೆ ನಡೆಯಿತು. ನಾಲ್ಕನೆಯ ಗುರುತು ಹಾಕಿ ತಲೆಯೆತ್ತಿದ.

“ಮೇಡಂ, ಟೆಂಟು ಪೊರಂಬೋಕಿನಲ್ಲಿ ಇಲ್ಲ. ಈ ಗುಣಪಾಲ ಚೇಟ್ಟನ ಸ್ವಂತ ಜಾಗದಲ್ಲೇ ಉಂಟು. ಸರಿ ನಡುವೆ.”

ಗುಣಪಾಲನ ಎದೆ ಬಸ್ಸಿನ ಹಾರನ್ನಿನ ಹಾಗೆ ಉಬ್ಬಿತು.

“ಕೇಳಿದಿರಾ! ಎಲ್ಲಿ ಹೋದ ಸೀರೆಯೊಳಗಿನವನು? ನನ್ನದೇ ಜಾಗ! ಅಪ್ಪನ ಜಾಗ ಇಲ್ಲಿಯವರೆಗೂ ಇತ್ತು, ನನಗೇ ಗೊತ್ತಿರಲಿಲ್ಲ! ಈ ಗೇರುಮರದಾಚೆಗೂ ನನ್ನದು!”

“ಆಚೆಗೂ ಅಲ್ಲ” ಎಂದ ವಿನೀತ್. “ಆಚೆಗೆ ಮಾತ್ರ. ಗೇರುಮರ ನಿಮ್ಮ ಪಡುಗಡಿ. ಅಲ್ಲಿಗೆ ಮುಗೀತು.”

ದೀಪಶ್ರೀ ಪಟ್ಟೆಯನ್ನು ಬಿಡಿಸಿ ಓದಿದಳು. ನಲವತ್ತು ವರ್ಷದಿಂದ ಟ್ರಂಕಿನಲ್ಲಿ ಜೋಪಾನವಾಗಿದ್ದ, ಒಮ್ಮೆಯೂ ಪೂರ್ತಿ ಓದದ ಕಾಗದ. ಪಶ್ಚಿಮಕ್ಕೆ ಗೇರುಮರ ಎಂದು ಸ್ಪಷ್ಟವಾಗಿತ್ತು. ಅಪ್ಪನಿಗೆ ಸಿಕ್ಕಿದ್ದು ಬಿಸಿಲ ಕಲ್ಲುಪಾರೆ. ಪುಣ್ಯಾತ್ಮ ರಸ್ತೆಯ ಬದಿ, ಮರದ ನೆರಳು ನೋಡಿ ಈಚೆ ಕಡೆಗೆ ಮನೆ ಕಟ್ಟಿದ್ದ.

“ಹಾಗಾದರೆ... ಈ ಮನೆ?” ಗುಣಪಾಲ ಹೆಂಚಿನ ಮಾಡನ್ನು ತೋರಿಸಿದ.

“ಅದಾ? ಅದು ಪೊರಂಬೋಕು” ಎಂದ ವಿನೀತ್. “ಬಾವಿಯೂ.”

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

“ಮೇಡಂ, ನೀವು ನೋಡಿಯೇ ಇಲ್ಲ ಅಂದ್ರಲ್ಲ...” ಎಂದು ಗುಣಪಾಲ ಕೈಮುಗಿದ.

“ಅದು ಅಳೆಯುವ ಮೊದಲು. ಈಗ ಮೆಷಿನ್ನಿನಲ್ಲಿ ಕೂತಾಯ್ತು, ತೆಗೀಲಿಕ್ಕೆ ನನ್ನಿಂದ ಆಗುವುದಿಲ್ಲ. ಮನೆಗೆ ನೋಟೀಸು ಬರ್ತದೆ. ತಹಶೀಲ್ದಾರರಿಗೆ ಅರ್ಜಿ ಕೊಡಿ, ನೋಡುವ.”

“ಈ ಆಡು, ಟಾರ್ಪಾಲು?”

“ಅವು ನಿಮ್ಮ ಖಾಸಗಿ ಜಾಗದಲ್ಲಿ ಉಂಟು. ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಎಬ್ಬಿಸಬೇಕಾದರೆ ಕೋರ್ಟಿಗೆ ಹೋಗಿ.” ಜೀಪಿನ ಕಡೆಗೆ ನಡೆದವಳು ತಿರುಗಿ ನಿಂತಳು. “ಮತ್ತೆ, ಟೆಂಟು ಬಿಚ್ಚಬೇಡಿ. ನಿಮ್ಮ ಜಾಗದಲ್ಲಿ ನಿಮ್ಮದು ಅಂತ ಇರುವುದು ಅದೊಂದೇ. ಬಾಗಿಲು ಮೂಡಕ್ಕೆ ಇಟ್ಟದ್ದು ಒಳ್ಳೆಯದಾಯ್ತು, ಗಾಳಿ ಹೊಡೆಯುವುದಿಲ್ಲ.”

“ಅದು ನಾನು ಹೇಳಿದ್ದು” ಎಂದ ಸುಕುಮಾರ.

ಫೋನು ಹೊಡೆದುಕೊಂಡಿತು. ಧನರಾಜ್.

“ಭಾವ, ಹಾಕಿ ನೋಡಿದ್ರಾ?”

“ಹಾಕಿದೆ.”

“ಭೇಷ್! ಭಾನುವಾರಕ್ಕೆ ಮಡಚಿಡಿ. ಒಂದು ಹೇಳ್ಲಿಕ್ಕೆ ಮರೆತೆ. ಪಾರೆಯ ಮೇಲಾದ್ರೆ ಗೂಟಗೀಟ ಹೊಡೀಬೇಡಿ. ನಾಲ್ಕು ದೊಡ್ಡ ಕಲ್ಲಿಗೆ ಹಗ್ಗ ಕಟ್ಟಿದ್ರೆ ಸಾಕು, ಒಂದು ನಿಮಿಷದಲ್ಲಿ ಬಿಚ್ಚಬಹುದು.”

ಗುಣಪಾಲ ಫೋನನ್ನು ಕಿವಿಯಿಂದ ತೆಗೆದು, ಅದು ಯಾವ ಪ್ರಾಣಿ ಎಂಬ ಹಾಗೆ ನೋಡಿದ. ಮೋಹಿನಿ ಗಂಜಿಯ ಪಾತ್ರೆ ಹಿಡಿದು ಗೇರುಮರದ ಬುಡಕ್ಕೆ ಬಂದು ನಿಂತಿದ್ದಳು. ಆಚೆ ಬಡಿಸಬೇಕೋ ಈಚೆ ಬಡಿಸಬೇಕೋ ಅವಳಿಗೆ ತಿಳಿಯಲಿಲ್ಲ. ದೇವಕಿ ಹೊಸ ವಾಯ್ಸ್ ಮೆಸೇಜು ಶುರು ಮಾಡಿದ್ದಳು. ಆಡು ಟೆಂಟಿನ ಹಗ್ಗ ತಿನ್ನುತ್ತಿತ್ತು.

ಸುಕುಮಾರ ಟೆಂಟಿನ ಜಿಪ್ಪನ್ನು ಸರ್ರೆಂದು ಎಳೆದು, ಬಾಗಿಲಿನ ಬಟ್ಟೆಯನ್ನು ಮರ್ಯಾದೆಯಿಂದ ಎತ್ತಿ ಹಿಡಿದ.

“ಬಿಸಿಲಿನಲ್ಲಿ ನಿಲ್ಲಬೇಡ ಮಾರಾಯ” ಎಂದ. “ಒಳಗೆ ಹೋಗು, ಒಳಗೆ ಜಾಗ ಉಂಟು.”